ದೇವಸೇವಕರ ಕೆಲಸ

ನಮ್ಮನೆಯವರ ಹೆಸರಿನ ಮುಂದೆ 'ದೇವಸೇವಕ' ಎಂದು ಬರೆದ ಬ್ಯಾನರ್ ಕಟ್ಟಿದ ದಿನ ನಾನು ಹೊಸ ರೇಷ್ಮೆ ಸೀರೆ ಉಟ್ಟು ಬೀಗುತ್ತಿದ್ದೆ. ಇಟ್ಟಮಡುವಿನ ನಮ್ಮ ಚರ್ಚಿನ ಸಭೆಯಲ್ಲಿ ಆ ಮಾತಿಗಿರುವ ತೂಕವೇ ಬೇರೆ. ದೇವಸೇವಕರು ಬಂದರೆ ಎಲ್ಲರೂ ಏಳುತ್ತಾರೆ, ಶಾಲು ಹೊದಿಸುತ್ತಾರೆ, ಮೆತ್ತನೆಯ ಕುರ್ಚಿ ಹಾಕುತ್ತಾರೆ. ಸೇವಕ ಎಂದರೆ ಆಳು ಎನ್ನುವುದು ನಮ್ಮಲ್ಲಿ ಯಾರ ನೆನಪಿಗೂ ಬರುವುದಿಲ್ಲ.

ಅದು ನೆನಪಿಗೆ ಬಂದದ್ದು ಮುನಿಯಕ್ಕನಿಗೆ. ಮಹಡಿಯಲ್ಲಿರುವ ಚರ್ಚಿನ ಕೆಳಗೆ ಹೂ ಮಾರುವ ಹೆಂಗಸು. ಅಂದು ಊಟಕ್ಕೆ ಕರೆದೆವೆಂದು ಮೇಲೆ ಬಂದಿದ್ದಳು. ಬಿರಿಯಾನಿ ತಿಂದು ಕೈ ತೊಳೆದವಳೇ ನೇರವಾಗಿ ನನ್ನ ಗಂಡ ಯುವರಾಜ್ ಹತ್ತಿರ ಹೋದಳು.

"ಏನಪ್ಪಾ, ಸೇವಕ ಅಂದ್ರೆ ನೀನೇನಾ? ನಮ್ಮ ಯಜಮಾನ್ರು ಬೋರಯ್ಯ ಲಕ್ವ ಹೊಡೆದು ಹಾಸಿಗೆ ಹಿಡಿದವ್ರೆ. ಎತ್ತಿ ಸ್ನಾನ ಮಾಡ್ಸೋಕೆ ನನ್ ಕೈಲಿ ಆಗ್ತಿಲ್ಲ. ದಿನಾ ಬೆಳಿಗ್ಗೆ ಬಂದ್ ಹೋಗ್ತೀಯಾ?"

ಸಭಾ ಹಿರಿಯ ಮಹೇಶ್ ಓಡಿ ಬಂದರು. "ಅಮ್ಮಾ, ಇವ್ರು ಪಾಸ್ಟರು. ಆ ಥರ ಸೇವಕರಲ್ಲ."

"ಮತ್ತೆ ಯಾವ ಥರ?" ಎಂದಳು ಮುನಿಯಕ್ಕ. ಅಣಕವಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು.

ಯುವರಾಜ್ ನಕ್ಕರು. "ಬರ್ತೀನಕ್ಕ. ಮನೆ ಎಲ್ಲಿ ಹೇಳಿ."

ಮರುದಿನದಿಂದಲೇ ಹೋಗತೊಡಗಿದರು. ನನಗೆ ಮೈ ಉರಿಯಿತು. ಪ್ರಾರ್ಥನೆ ಮಾಡಿ ಬರಲಿ, ಯಾರು ಬೇಡ ಅಂದರು? ಆದರೆ ಗಲೀಜು ಬಾಚಿದ ಕೈಯಲ್ಲೇ ಭಾನುವಾರ ಪ್ರಭುಭೋಜನದ ಪವಿತ್ರ ರೊಟ್ಟಿ ಮುರಿದು ಕೊಟ್ಟರೆ ಜನ ಏನಂದುಕೊಂಡಾರು? ಅಂದುಕೊಂಡೇ ಬಿಟ್ಟರು. ಒಂದು ಬೆಳಿಗ್ಗೆ ಮಹೇಶ್ ಮನೆಗೆ ಬಂದರು.

"ಅಕ್ಕಾ, ಕಮಿಟಿಯವ್ರಿಗೆ ಬೇಜಾರಾಗಿದೆ. ಇದನ್ನ ನಿಲ್ಲಿಸದಿದ್ರೆ ಬೇರೆ ಪಾಸ್ಟರ್‌ನ ನೋಡ್ತಾರಂತೆ. ನೀವು ಹೇಳಿದ್ರೆ ಅಣ್ಣ ಕೇಳ್ತಾರೆ."

ಗಂಡನನ್ನು ಎಳೆದುಕೊಂಡೇ ಬರುತ್ತೇನೆಂದು ಮಹೇಶ್ ಅವರ ಸ್ಕೂಟರ್ ಹತ್ತಿದೆ. ಮುನಿಯಕ್ಕನದು ಒಂದೇ ಕೋಣೆಯ ಮನೆ. ಬಚ್ಚಲ ಬಾಗಿಲು ತೆರೆದೇ ಇತ್ತು. ಬೋರಯ್ಯ ಟವೆಲ್ ಸುತ್ತಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಯುವರಾಜ್ ಲುಂಗಿ ಎತ್ತಿ ಕಟ್ಟಿ ಅವನ ಬೆನ್ನು ಉಜ್ಜುತ್ತಿದ್ದರು.

"ಏಯ್, ಮೆಲ್ಲಗೆ ಉಜ್ಜೋ! ಎಮ್ಮೆ ತೊಳೀತಿದ್ದೀಯಾ?" ಎಂದು ಮುದುಕ ಗದರಿದ.

"ಎಮ್ಮೆ ಆಗಿದ್ರೆ ಸುಮ್ನೆ ನಿಂತಿರ್ತಿತ್ತು ತಾತ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದರೆ ನಾನು ನಿಲ್ಲಿಸಬಹುದಿತ್ತು. ಈ ಮನುಷ್ಯ ಖುಷಿಯಾಗಿದ್ದರು! ಬ್ಯಾನರ್ ಕಟ್ಟಿದ ದಿನವೂ ಆ ಮುಖ ಇಷ್ಟು ಅರಳಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಗಂಡನ ಮೇಲೆ ನನಗೆ ಹೊಸದಾಗಿ ಪ್ರೀತಿ ಉಕ್ಕಿತು.

"ಹೇಳಿ ಅಕ್ಕಾ," ಎಂದು ಮಹೇಶ್ ಪಿಸುಗುಟ್ಟಿದರು.

"ಹೇಳ್ತೀನಿ. ಬೇರೆ ಪಾಸ್ಟರ್‌ನ ಬೇಕಾದ್ರೆ ನೋಡ್ಕೊಳ್ಳಿ ಮಹೇಶ್. ಅವ್ರಿಗೂ ಈ ಮನೆ ಅಡ್ರೆಸ್ಸೇ ಕೊಡಿ. ಈಗ ಒಳಗ್ ಹೋಗಿ, ತಾತನ್ನ ಎತ್ತೋಕೆ ಇನ್ನೊಬ್ರು ಬೇಕು."

ಮಹೇಶ್ ನನ್ನ ಮುಖ ನೋಡಿದರು, ಬಚ್ಚಲ ಕಡೆ ನೋಡಿದರು. ಆಮೇಲೆ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟರು.