ಪೂಜೆಯಾದ ಪಟ್ಟಿ

ಬೈಲಹೊಂಗಲದ ಸಂಪಗಾಂವ ರಸ್ತೆಯಲ್ಲಿ, ಹೆಣ್ಣುಮಕ್ಕಳ ಶಾಲೆಯ ಎದುರು, ಜನ ದಾಟಲು ಬಿಳಿ ಪಟ್ಟಿ ಎಳೆಸಬೇಕೆಂದು ವಾರ್ಡಿನ ಸದಸ್ಯೆ ಮಂಜುಳಾ ಪುರಸಭೆಗೆ ಚಪ್ಪಲಿ ಸವೆಯುವಷ್ಟು ಅಲೆದಿದ್ದಳು. ಹೋದ ವರ್ಷ ಅವಳ ಅತ್ತೆ ಸುಂದರವ್ವನಿಗೆ ಅಲ್ಲೇ ಬೈಕು ಬಡಿದು ಕಾಲು ಮುರಿದಿತ್ತು. ಕಾಲು ಕೂಡಿತು, ಧೈರ್ಯ ಕೂಡಲಿಲ್ಲ. ರಸ್ತೆಯಾಚೆ ತಂಗಿ ಬೀರವ್ವನ ಮನೆ. ಬೀರವ್ವನಿಗೆ ಕಣ್ಣು ಮಸುಕು. ತನ್ನ ಗತಿಯೇ ಅವಳಿಗೂ ಆದೀತೆಂದು, ಯಾರಾದರೂ ಅವಳನ್ನು ಕೈಹಿಡಿದು ಕರೆತರುತ್ತೇವೆಂದರೂ ಸುಂದರವ್ವ ಒಪ್ಪಳು. ಹೀಗೆ ಅಕ್ಕತಂಗಿಯರು ಒಂದು ವರ್ಷದಿಂದ ಆಚೆ ಈಚೆಯೇ ಉಳಿದಿದ್ದರು.

ಅಂತೂ ಪಟ್ಟಿ ಬಂತು. ಆದರೆ ಪುರಸಭೆಯ ನಿಯಮ ಖಡಾಖಡಿ: ಒಂದು ತಿಂಗಳು ನೋಡುವುದು, ಜನ ಅದರ ಮೇಲೆ ದಾಟದಿದ್ದರೆ ಅಳಿಸಿಬಿಡುವುದು.

ಮಂಜುಳಾಗೆ ಖುಷಿ ತಡೆಯಲಿಲ್ಲ. ನಮ್ಮ ಕಡೆ ಹೊಸ ಬೋರ್‌ವೆಲ್ ಇರಲಿ, ಹೊಸ ಬೈಕಿರಲಿ, ಪೂಜೆಯಾಗದೆ ಕೈ ಹಚ್ಚುವವರಿಲ್ಲ. ಅವಳೂ ಬಸಯ್ಯ ಸ್ವಾಮಿಗಳನ್ನು ಕರೆಸಿ, ಪಟ್ಟಿಗೆ ಅರಿಷಿಣ ಕುಂಕುಮ ಏರಿಸಿ, ಊದಿನಕಡ್ಡಿ ಹಚ್ಚಿ, ಕಾಯಿ ಒಡೆಸಿದಳು. ಅಲ್ಲಿಗೆ ಎಡವಟ್ಟಾಯಿತು. ಪೂಜೆಯಾದದ್ದನ್ನು ತುಳಿಯುವವರು ಯಾರು? ಶಾಲೆಯ ಹುಡುಗಿಯರು, ಸಂತೆಗೆ ಹೋಗುವವರು, ಎಲ್ಲರೂ ಅದಕ್ಕೆ ಕೈ ಮುಗಿದು, ಸುತ್ತುಬಳಸಿ ಹೋಗಿ, ಮೊದಲಿಗಿಂತ ಅಪಾಯದ ತಿರುವಿನಲ್ಲಿ ದಾಟತೊಡಗಿದರು. ಭಕ್ತಿಯೇನೋ ಉಕ್ಕಿತು, ಬುದ್ಧಿ ಎಲ್ಲಿ ಹೋಯಿತೋ!

ತಿಂಗಳು ತುಂಬಿದ ದಿನ ಪುರಸಭೆಯ ಎಂಜಿನಿಯರ್ ಸಂಘಮಿತ್ರಾ ಬಂದು ನಿಂತು ನೋಡಿದರು.

“ನನಗೂ ಮನಸಿಲ್ರಿ ಮಂಜುಳಾ ಅವರ. ಆದ್ರ ಒಬ್ಬರೂ ದಾಟವಲ್ರು. ಅಳಸಾಕ ಹೇಳಬೇಕಾಗತೈತಿ.”

ಮಂಜುಳಾಗೆ ಕೈಯಾರೆ ಕೆಡಿಸಿಕೊಂಡೆನಲ್ಲ ಎಂದು ಅಳು ಒತ್ತಿ ಬಂತು. ತಾನೇ ದಾಟಿ ತೋರಿಸಬೇಕೆಂದು ಹೋದಳು. ಎತ್ತಿದ ಕಾಲನ್ನು ಇಡಲಾಗಲಿಲ್ಲ.

“ಯಾಕವಾ, ನಿಂತಿ?” ಮನೆ ಮುಂದಿನ ಕಟ್ಟೆಯಿಂದ ಸುಂದರವ್ವ ಕೇಳಿದಳು.

“ಪೂಜಿ ಮಾಡೇವಲ್ರಿ ಅತ್ತಿ, ಹ್ಯಾಂಗ ತುಳೀಲಿ?”

“ಸುಗ್ಗ್ಯಾಗ ಕಣಕ್ಕ ಪೂಜಿ ಮಾಡಿ, ಅದರ ಮ್ಯಾಲೆ ಎತ್ತು ತುಳಸತಿದ್ದಿಲ್ಲೇನ? ತುಳಿದ್ರನ ಕಾಳು ಉದರತಾವ.”

ಹೇಳುವುದೇನೋ ಹೇಳಿದಳು, ಎದ್ದು ಬಂದವಳು ರಸ್ತೆಯಂಚಿನಲ್ಲಿ ನಿಂತು ಎರಡೂ ಕಡೆ ಎರಡೆರಡು ಸಲ ನೋಡಿದಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಪಟ್ಟಿಯ ಮೇಲೆ ಕಾಲಿಟ್ಟಳು. ಕಬ್ಬಿನ ಟ್ರ್ಯಾಕ್ಟರು ಗಕ್ಕನೆ ನಿಂತಿತು, ಅದರ ಹಿಂದೆ ಬಸ್ಸೂ ನಿಂತಿತು. ನಡುರಸ್ತೆಯಲ್ಲಿ ಅವಳು ನಿಂತುಬಿಟ್ಟಳು. ಅಷ್ಟರಲ್ಲಿ ಶಾಲೆಯ ಹುಡುಗಿಯರೂ ಚಪ್ಪಲಿ ಕೈಯಲ್ಲಿ ಹಿಡಿದು ಬಂದು ಅವಳ ಸುತ್ತ ಕೂಡಿಕೊಂಡರು. ಎಲ್ಲರೂ ಒಟ್ಟಿಗೆ ನಡೆದರು.

“ನಿಯಮದಾಗ ಚಪ್ಪಲಿ ಮಾತು ಎಲ್ಲೂ ಇಲ್ರಿ,” ಎಂದು ಸಂಘಮಿತ್ರಾ ನಕ್ಕರು. “ಪಟ್ಟಿ ಇರಲಿ.”

ಆಚೆ ಬೀರವ್ವ ತಡವರಿಸುತ್ತ ಬಂದು ಅಕ್ಕನ ಕೈ ಹಿಡಿದಳು. ಹಾಗೇ ನೆಲಕ್ಕೆ ಕುಳಿತು, ಮುರಿದು ಕೂಡಿದ ಆ ಕಾಲನ್ನು ಮೊದಲ ಸಲ ಮುಟ್ಟಿ ಸವರಿದಳು.

“ನೋಯತೈತೇನ ಯಕ್ಕಾ?”

“ಇಷ್ಟ ದಿನಾ ನೋಯತಿತ್ತು,” ಎಂದಳು ಸುಂದರವ್ವ.