ಏರಿನಲ್ಲಿ ಏದುಸಿರು ಬಿಡದ ಎಂಜಿನ್

ರೇಡಿಯೋ, ಟಿ.ವಿ. ರಿಪೇರಿಯಲ್ಲಿ ತಂಗಿಯದು ಎತ್ತಿದ ಕೈ. ಅಂಗಡಿಗೆ ಬಂದ ಯಾವ ಪೆಟ್ಟಿಗೆಯೂ ಬಾಯಿ ಬಿಡದೆ ವಾಪಸಾದದ್ದಿಲ್ಲ. ಅವಳು ಸೋತದ್ದು ಅಣ್ಣನೊಬ್ಬನ ಮುಂದೆ. ಮೂವತ್ತೊಂದು ವರ್ಷ ರೈಲಿನ ಡೀಸೆಲ್ ಎಂಜಿನ್ ಓಡಿಸಿದವನನ್ನು, ಕಣ್ಣು ಮಂಜಾಯಿತೆಂದು ಎರಡು ವರ್ಷದ ಹಿಂದೆ ಕೆಳಗಿಳಿಸಿದ್ದರು. ಅಂದಿನಿಂದ ಅವನು ಚೆನ್ನಾಗಿಯೇ ಉಂಡ, ಚೆನ್ನಾಗಿಯೇ ಮಲಗಿದ, ಹೆಂಡತಿಗೆ ತರಕಾರಿ ಹೆಚ್ಚಿಕೊಟ್ಟ. ರೈಲಿನ ಮಾತು ಮಾತ್ರ ಎತ್ತಲಿಲ್ಲ. ಅವನು ಇನ್ನೊಮ್ಮೆ ಗಾಡಿ ಓಡಿಸಬೇಕು, ಹಿತ್ತಲಲ್ಲಾದರೂ ಸರಿ ಎಂದು ತಂಗಿ ಹಟ ಹಿಡಿದಳು.

ಎಂಟು ತಿಂಗಳಲ್ಲಿ ಹಿತ್ತಲು ಸುತ್ತುವ ಹಳಿ, ಎರಡು ಮೊಳ ಉದ್ದದ ಎಂಜಿನ್, ಐದು ವ್ಯಾಗನ್ನು ಸಿದ್ಧವಾದವು. ನೀರಿನ ತೊಟ್ಟಿಯ ಪಕ್ಕ ಏರು, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಇಳಿಜಾರು. ಎಂಜಿನ್ನಿನ ಹೊಟ್ಟೆಯೊಳಗೆ ಅವಳು ತನ್ನ ವಿದ್ಯೆಯನ್ನೆಲ್ಲ ಸುರಿದಿದ್ದಳು. ಮುಂದೆ ಹೋದರೆ ಮುಂದಿನ ದೀಪ, ಹಿಂದೆ ಬಂದರೆ ಹಿಂದಿನದು. ಹಳಿಯ ಮೇಲೆ ಧೂಳು ಕೂತು ಕರೆಂಟು ತಪ್ಪಿದರೂ ಎರಡು ಕ್ಷಣ ದಾಟಿಸುವ ಕೆಪಾಸಿಟರ್. ರಿಮೋಟಿನ ಗುಂಡಿ ಒತ್ತಿದರೆ ಕಳಚಿಕೊಳ್ಳುವ ಕೊಂಡಿ. ಅಣ್ಣನ ಹಳೆಯ ಶೆಡ್ಡಿಗೇ ಹೋಗಿ ರೆಕಾರ್ಡು ಮಾಡಿ ತಂದ ಎಂಜಿನ್ನಿನ ಸದ್ದು, ಹಾರ್ನು. ಎಲ್ಲಕ್ಕಿಂತ ಅವಳು ಹಿಗ್ಗಿದ್ದು ವೇಗ ಕಾಯುವ ಸರ್ಕ್ಯೂಟಿಗೆ. ಒಮ್ಮೆ ವೇಗ ಇಟ್ಟರೆ ಸಾಕು, ಏರಿರಲಿ ಇಳಿಜಾರಿರಲಿ, ಗಾಡಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದು.

ಭಾನುವಾರ ಬೆಳಿಗ್ಗೆ ಅಣ್ಣನ ಕೈಗೆ ರಿಮೋಟು ಕೊಟ್ಟಳು. ಅವನು ಗುಂಡಿ ತಿರುಗಿಸಿ ಹಳಿಗೆ ಬೆನ್ನು ಹಾಕಿದ. ಕಣ್ಣಿಗೆ ಹೇಗೂ ಸರಿಯಾಗಿ ಕಾಣದು. ಮೈಯೆಲ್ಲ ಕಿವಿಯಾಗಿ ನಿಂತ. ಗಾಡಿ ಮೂರು ಸುತ್ತು ಬಂತು.

"ಚೆನ್ನಾಗಿದೆ ಪುಟ್ಟಿ," ಎಂದು ರಿಮೋಟು ವಾಪಸು ಕೊಟ್ಟ. ತಂಗಿಗೆ ಐವತ್ತಾರು ತುಂಬಿದ್ದರೂ ಅವನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ.

ಚೆನ್ನಾಗಿದೆ ಎನ್ನುತ್ತಲೇ ವಸ್ತುವನ್ನು ಹಿಂದಕ್ಕೆ ತಳ್ಳುವ ಗಿರಾಕಿಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. "ಸುಮ್ನೆ ಹೊಗಳ್ಬೇಡ. ಏನು ಸರಿಯಿಲ್ಲ ಹೇಳು."

"ಸದ್ದೇನೋ ನಮ್ಮ ಎಂಜಿನ್ದೇ. ಆದ್ರೆ ಏರಲ್ಲೂ ಅದೇ ರಾಗ, ಇಳಿಜಾರಲ್ಲೂ ಅದೇ ರಾಗ. ಇದಕ್ಕೆ ಭಾರಾನೇ ಗೊತ್ತಾಗ್ತಿಲ್ಲ. ಎಲ್ಲಾ ಅದೇ ನೋಡ್ಕೊಳ್ಳುತ್ತಲ್ಲ, ನಾನ್ಯಾಕೆ ಬೇಕು?" ಎಂದ.

ಆ ಮಾತಿನಲ್ಲಿ ಕೋಪವಿರಲಿಲ್ಲ. ಅದಕ್ಕೇ ಅದು ಅವಳಿಗೆ ನಾಟಿತು. ಅಣ್ಣನಿಗೆ ಮಾಡಲು ಏನೂ ಉಳಿಯದ ಹಾಗೆ ಎಂಟು ತಿಂಗಳು ಕೂತು ಕೆಲಸ ಮಾಡಿದ್ದಳಲ್ಲ ಮಹಾರಾಯಿತಿ! ತನ್ನ ಜಾಣತನಕ್ಕೆ ಅವಳಿಗೆ ನಗುವೂ ಬಂತು, ಅಳುವೂ ಬಂತು.

ಅವತ್ತೇ ಎಂಜಿನ್ನಿನ ಮುಚ್ಚಳ ಬಿಚ್ಚಿ, ತನ್ನ ಮುದ್ದಿನ ಸರ್ಕ್ಯೂಟನ್ನು ಕಿತ್ತು ಡಬ್ಬಿಗೆ ಹಾಕಿದಳು. ಮೋಟಾರು ಎಳೆಯುವ ಕರೆಂಟಿಗೇ ಸದ್ದನ್ನು ಕಟ್ಟಿಹಾಕಿದಳು. ಭಾರ ಎಳೆದಾಗ ಎಂಜಿನ್ ಅಬ್ಬರಿಸಬೇಕು, ಹಗುರಾದಾಗ ಗೊಣಗಬೇಕು. ವ್ಯಾಗನ್ನುಗಳಿಗೆ ಮರಳು ತುಂಬಿದಳು. ಇಷ್ಟಕ್ಕೆ ಒಂದು ವಾರ ಹಿಡಿಯಿತು.

"ಈಗ ನೋಡು. ಇದು ಹೇಳಿದ ಮಾತು ಕೇಳಲ್ಲ," ಎಂದಳು ಮುಂದಿನ ಭಾನುವಾರ.

ಅಣ್ಣ ಮತ್ತೆ ಬೆನ್ನು ಹಾಕಿ ನಿಂತ. ಗಾಡಿ ಏರಿಗೆ ಬಂದದ್ದೇ ಅಬ್ಬರಿಸಿತು, ಕುಗ್ಗಿತು, ತೊಟ್ಟಿಯ ಪಕ್ಕ ನಡುದಾರಿಯಲ್ಲೇ ನಿಂತುಬಿಟ್ಟಿತು. ತಂಗಿ ತಳ್ಳಲು ಬಗ್ಗಿದಳು.

"ಕೈ ಹಾಕ್ಬೇಡ," ಎಂದ ಅಣ್ಣ. ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ, ಸಮತಟ್ಟಿನವರೆಗೂ ಇಳಿಸಿದ. ಗುಂಡಿಯನ್ನು ಅರ್ಧ ತಿರುಗಿಸಿದ, ಸದ್ದು ಆಲಿಸಿದ, ಇನ್ನೊಂಚೂರು ತಿರುಗಿಸಿದ. ಎಂಜಿನ್ ಏದುತ್ತ ಏದುತ್ತ ಹತ್ತಿತು. ನೆತ್ತಿ ದಾಟಿ ಸದ್ದು ಇಳಿಯುವ ಮೊದಲೇ ಅವನ ಬೆರಳು ವೇಗ ತಗ್ಗಿಸಿತ್ತು. ಬಟ್ಟೆ ತಂತಿಯ ಕೆಳಗಿನ ತಿರುವನ್ನು ಗಾಡಿ ಗೊಣಗುತ್ತ ದಾಟಿತು.

"ಮೊಂಡು ಗಾಡಿ," ಎಂದ ಅಣ್ಣ. ಅಷ್ಟು ಅಕ್ಕರೆಯಿಂದ ಅವನು ಯಾರನ್ನೂ ಬೈದದ್ದನ್ನು ಅವಳು ಕೇಳಿರಲಿಲ್ಲ.

ಎಷ್ಟು ಸುತ್ತಾಯಿತೋ ಯಾರೂ ಎಣಿಸಲಿಲ್ಲ. ಅಡುಗೆಮನೆ ಬಾಗಿಲಿಗೆ ಬಂದು ಅತ್ತಿಗೆ, "ಊಟ ಆರಿ ಹೋಗ್ತಿದೆ, ಇಬ್ರೂ ಬನ್ನಿ," ಎಂದಳು.

ಅಣ್ಣ ತಿರುಗಲಿಲ್ಲ. "ನಿಮ್ಮತ್ತಿಗೆಗೆ ಹೇಳು ಪುಟ್ಟಿ, ಡ್ಯೂಟಿ ಮೇಲಿದೀನಿ ಅಂತ."

ಹೇಳುವ ಅಗತ್ಯ ಬೀಳಲಿಲ್ಲ. ಅತ್ತಿಗೆ ಒಳಗೆ ಹೋಗಿ, ಗಂಡನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿಟ್ಟು, ಕಣ್ಣೊರೆಸಿಕೊಂಡಳು.