ಊಟವಾದ ಮೇಲೆ ಅಪ್ಪನ ಕೈ

ಅಪ್ಪ ಅಂಗಡಿಯಲ್ಲಿ ಬಿದ್ದದ್ದು ಅದು ಎರಡನೆಯ ಸಲ. ಗಡಿಯಾರ ರಿಪೇರಿ ಮಾಡುವ ಮೇಜಿನ ಅಂಚು ತಗುಲಿ ಹುಬ್ಬಿಗೆ ಹೊಲಿಗೆ ಹಾಕಬೇಕಾಯಿತು. ಭಾನುವಾರ ಅಣ್ಣ ಅಂಗಡಿಯ ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಂಡ.

"ಸಾಕಪ್ಪಾ, ಅಂಗಡಿ ಬಿಟ್ಟುಕೊಡೋಣ. ಊರವರ ಗಡಿಯಾರ ಎಲ್ಲ ಸರಿ ಮಾಡಿದ್ರಿ, ಈಗ ನಿಮ್ಮದೇ ನಿಂತು ನಿಂತು ಓಡ್ತಿದೆ."

ಅಪ್ಪ ಎದುರಾಡಲಿಲ್ಲ. "ಮಧ್ಯಾಹ್ನವಾದ್ರೆ ಕೈ ನನ್ನ ಮಾತು ಕೇಳಲ್ಲ, ಕಣ್ಣಿಗೂ ಮಂಜು. ಕೈ ಹೋದ ಮೇಲೆ ಕೆಲಸ ಎಲ್ಲಿಂದ ಬರಬೇಕು?"

'ಮಧ್ಯಾಹ್ನವಾದ್ರೆ' ಎಂಬ ಮಾತು ಕೇಳಿ ಅಲ್ಲೇ ಕೂತಿದ್ದ ಮಗಳು ತಲೆಯೆತ್ತಿದಳು. ಯಾವ ಕಾಯಿಲೆಯ ಬಗ್ಗೆ ಜಗತ್ತಿನಲ್ಲಿ ಎಂಥ ಸಂಶೋಧನೆ ನಡೆಯುತ್ತಿದೆ ಎಂದು ನಕ್ಷೆ ಹಾಕುವುದು ಅವಳ ಉದ್ಯೋಗ. ಆ ವರ್ಷದ ವಿಷಯ, ಊಟದ ನಂತರ ಇಳಿಯುವ ರಕ್ತದೊತ್ತಡ. ಅವಳ ನಕ್ಷೆಯಲ್ಲಿ ಹೆಚ್ಚು ಸಂಶೋಧನೆ ನಡೆದ ವೃದ್ಧಾಪ್ಯ, ಸಕ್ಕರೆ ಕಾಯಿಲೆ, ಬೀಳುವಿಕೆ ದೊಡ್ಡ ಚುಕ್ಕೆಗಳು. ಹಳೆಯ ಪ್ರಯೋಗಗಳು ಹೆಚ್ಚಾಗಿ ಆಸ್ಪತ್ರೆಯ ಹಾಸಿಗೆಯಲ್ಲಿ ನಡೆದವು; ಮನೆಯೂಟದ ನಂತರ ಒತ್ತಡ ಅಳೆದ ಪ್ರಯೋಗಗಳು ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ.

"ಅಣ್ಣಾ, ಅಪ್ಪನ ಬಿ.ಪಿ. ಯಾವಾಗ ನೋಡ್ತೀಯ?"

"ದಿನಾ ಬೆಳಿಗ್ಗೆ, ಖಾಲಿ ಹೊಟ್ಟೇಲಿ. ಯಾವತ್ತೂ ಸರಿಯಾಗೇ ಇದೆ."

"ಖಾಲಿ ಹೊಟ್ಟೇಲಿ ಯಾಕೆ?"

"ಸಕ್ಕರೆ ಹಾಗೇ ಅಲ್ವೇನೇ ನೋಡೋದು? ಇಷ್ಟೆಲ್ಲ ಓದಿದೋಳು, ನೀನಾದ್ರೂ ಹೇಳಬಹುದಿತ್ತು."

ಅವಳ ಮಧ್ಯಾಹ್ನದ ಊಟ ಕಚೇರಿಯಲ್ಲಿ. ರಜಾ ದಿನ ಅಪ್ಪ ಉಂಡು ಒರಗಿದರೆ ಎಬ್ಬಿಸಬಾರದೆಂದು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋಗುವವರಲ್ಲಿ ಅವಳೂ ಒಬ್ಬಳು.

ಅಂದು ಊಟಕ್ಕೆ ಮೊದಲು ಅಪ್ಪನ ತೋಳಿಗೆ ಬಿ.ಪಿ. ಯಂತ್ರದ ಪಟ್ಟಿ ಸುತ್ತಿದಳು. ಮೇಲಿನ ಅಂಕಿ ನೂರ ಮೂವತ್ತನಾಲ್ಕು. ಊಟವಾದ ಮೇಲೆ ಆಗಾಗ ನೋಡುತ್ತಾ ಹೋದಳು. ಅಪ್ಪನ ರೆಪ್ಪೆಗಳು ಭಾರವಾಗಿ ಮಾತು ತಡವರಿಸುವ ಹೊತ್ತಿಗೆ ಅದು ತೊಂಬತ್ತೆಂಟಕ್ಕೆ ಇಳಿದಿತ್ತು. ಅಣ್ಣ ಬಗ್ಗಿ ಯಂತ್ರದ ಗುಂಡಿಯನ್ನು ಮತ್ತೊಮ್ಮೆ ಒತ್ತಿ ನೋಡಿದ. ಅದೇ ಅಂಕಿ.

"ಕೈ ಕೆಟ್ಟಿಲ್ಲ ಅಪ್ಪಾ," ಎಂದಳು. "ಉಂಡ ಮೇಲೆ ರಕ್ತ ಹೊಟ್ಟೆ ಕಡೆ ಹೋಗುತ್ತೆ. ಒತ್ತಡ ಇಳಿದು ತಲೆಗೆ ಸಾಲ್ತಿಲ್ಲ. ನಾಳೆ ಡಾಕ್ಟರಿಗೆ ತೋರಿಸೋಣ."

"ಹೊಟ್ಟೆ ಮಾಡಿದ್ದಕ್ಕೆ ಕೈ ಬೈಸಿಕೊಳ್ತಿತ್ತು ಅನ್ನು." ಅಪ್ಪ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡರು. "ವಾಸಿಯಾಗುತ್ತಾ?"

ಓದಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದಳು. "ಪೂರ್ತಿ ವಾಸಿಯಾಗುತ್ತೆ ಅನ್ನೋ ಧೈರ್ಯ ನನಗಿಲ್ಲ. ಊಟಕ್ಕೆ ಮೊದಲು ನೀರು, ಸ್ವಲ್ಪ ಸ್ವಲ್ಪ ಊಟ, ಉಂಡ ಮೇಲೆ ಏಳದೆ ಕೂತಿರೋದು. ಕೆಲವರಿಗೆ ಇದರಿಂದ ಅನುಕೂಲ ಆಗಿದೆ."

ಅಣ್ಣ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. "ಡಾಕ್ಟರು ಹೂಂ ಅಂದ್ರೆ ಬೆಳಿಗ್ಗೆ ಮಾತ್ರ. ಉಂಡ ಮೇಲೆ ಅಂಗಡಿ ಇಲ್ಲ."

ಅಪ್ಪ ಅದನ್ನು ನೋಡಿದರು. ಎರಡು ಹೆಜ್ಜೆ ನಡೆದರೆ ಸಿಗುವಂತಿತ್ತು. ಅವರು ಏಳಲಿಲ್ಲ. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ತೋಳಿನ ಪಟ್ಟಿಯನ್ನೂ ಬಿಚ್ಚದೆ, ಅಂಕಿ ಮೇಲೇರುವವರೆಗೆ ಕಾಯುತ್ತಾ ಕೂತರು.